ಬಾಯಿಬೀಗದ ಹುಲ್ಲು

ಜನವರಿ ೨೧

ಡಾಕ್ಟರು ಇಂದು ನನ್ನ ಗಂಟಲೊಳಗೆ ಕ್ಯಾಮೆರಾ ಇಳಿಸಿ ಅಲ್ಲಿನ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಎರಡು ಸ್ವರತಂತುಗಳ ಮೇಲೂ ಸಾಸಿವೆಕಾಳಿನಷ್ಟು ಗಂಟು. ಇಪ್ಪತ್ತೆರಡು ವರ್ಷ ಹೊಸೂರಿನ ಶಾಲೆಯಲ್ಲಿ ಹಿಂದಿನ ಬೆಂಚಿಗೂ ಕೇಳುವಂತೆ ಜೀವಶಾಸ್ತ್ರ ಕೂಗಿದ್ದಕ್ಕೆ ಸಿಕ್ಕ ಬಹುಮಾನ.

"ಮಾತು ಪೂರ್ತಿ ನಿಲ್ಲಿಸಬೇಕು. ಪಿಸುಮಾತೂ ಕೂಡದು" ಎಂದರು.

"ಎಷ್ಟು ದಿನ ಡಾಕ್ಟರೇ?" ಎಂದು ಮುರಳಿ ಕೇಳಿದ ಧಾಟಿಯಲ್ಲಿ ಆತಂಕಕ್ಕಿಂತ ಆಸೆಯೇ ಹೆಚ್ಚು ಕೇಳಿಸಿತು. ಗಂಡನಿಗೆ ಒಂದು ಮಾತು ಅನ್ನಬೇಕೆಂದು ಬಾಯಿ ತೆರೆದೆ. ಡಾಕ್ಟರು ಬೆರಳೆತ್ತಿದರು.

ಶಾಲೆಯವರು ಒಂದು ವರ್ಷ ರಜೆ ಕೊಟ್ಟಿದ್ದಾರೆ. ಆಡುವ ಚಟ ಕೈಗೆ ಇಳಿದಿದೆ. ಅದಕ್ಕೇ ಈ ಬರವಣಿಗೆ. ಇದನ್ನು ಯಾರೂ ಓದುವಂತಿಲ್ಲ. ಮುರಳಿ, ನೀನೂ.

ಜನವರಿ ೨೫

ತಳಿ ಪೇಟೆಯಿಂದ ಗುಮ್ಮಳಾಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮದು ಒಂದೂವರೆ ಎಕರೆ ಇಳಿಜಾರು. ಗುಲಾಬಿ ಬೆಳೆಯುವವರಿಗೆ ಗುತ್ತಿಗೆ ಕೊಟ್ಟಿದ್ದೆವು. ಅವರು ಪ್ಲಾಸ್ಟಿಕ್ ಮನೆ ಕಟ್ಟಿ, ನೆಲಕ್ಕೆ ಗೊಬ್ಬರ ತಿನ್ನಿಸಿ ತಿನ್ನಿಸಿ, ಫೆಬ್ರವರಿಯ ಪ್ರೇಮಿಗಳಿಗೆಂದು ಹೂವನ್ನು ವಿಮಾನ ಹತ್ತಿಸುತ್ತಿದ್ದರು. ಬಿಟ್ಟುಹೋದ ಮೇಲೆ ಆ ಕೊಬ್ಬು ಇಳಿಯಲೆಂದು ಗೊಬ್ಬರವಿಲ್ಲದೆ ರಾಗಿ ಹಾಕಿಸಿ, ಪೈರು ಹುಲ್ಲು ಎಲ್ಲವನ್ನೂ ಹೊರಗೆ ಸಾಗಿಸಿದ್ದೇನೆ. ಈಗ ಅಲ್ಲಿ ಹುಲ್ಲುಗಾವಲು ಆಗಬೇಕು. ನೇಗಿಲು ಬೀಳುವ ಮುಂಚೆ ಆ ಇಳಿಜಾರಿನಲ್ಲಿ ಏನಿತ್ತೋ ಅದು: ಹತ್ತಾರು ಜಾತಿ ಹುಲ್ಲು, ಅವುಗಳ ಕಾಲಡಿಯಲ್ಲಿ ಹೆಸರು ಗೊತ್ತಿರುವ, ಗೊತ್ತಿಲ್ಲದ ಪುಟ್ಟ ಪುಟ್ಟ ಹೂವು.

"ಹುಲ್ಲು ಬೆಳೆಯೋಕೆ ಎಂಎಸ್ಸಿ ಬೇಕೇನೇ? ಸುಮ್ಮನೆ ಬಿಟ್ಟರೆ ಅದೇ ಬೆಳೆಯತ್ತೆ" ಎಂದ ಮುರಳಿ.

ಸುಮ್ಮನೆ ಬಿಟ್ಟರೆ ಬೆಳೆಯುವುದು ಒಂದೇ ಕಳೆ, ಊರು ತುಂಬ. ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಅವನು ಅದರ ಕೆಳಗೇ ತನ್ನ ಷರತ್ತು ಬರೆದ: ಈ ವರ್ಷದ ಮಳೆ ಮುಗಿಯುವವರೆಗೆ ನಿನ್ನದು. ಅಷ್ಟರಲ್ಲಿ ಒಂದೇ ಕಳೆ ತುಂಬಿಕೊಂಡಿದ್ದರೆ ಮತ್ತೆ ಗುಲಾಬಿಯವರಿಗೆ.

ತಲೆಯಾಡಿಸಿದೆ. ಮಾತು ಬಾರದವಳ ಜೊತೆ ಒಪ್ಪಂದ ಎಷ್ಟು ಸಲೀಸು.

ಫೆಬ್ರವರಿ ೪

ಬೀಜ ಎಲ್ಲಿಂದ? ಅಂಗಡಿಯಲ್ಲಿ ಮಾರುವ ಹುಲ್ಲುಬೀಜ ನನಗೆ ಬೇಡ. ಈ ಸೀಮೆಯಲ್ಲಿ ಯಾರೂ ಉಳದೆ ಬಿಟ್ಟ ಜಾಗವೆಂದರೆ ಸುಡುಗಾಡು. ಅಲ್ಲಿ ನಮ್ಮ ಹಳೆಯ ಹುಲ್ಲುಗಳೆಲ್ಲ ನೆಮ್ಮದಿಯಾಗಿವೆ. ಕರಡ, ಊಬು ಚುಚ್ಚುವ ಹುಲ್ಲು, ನಾಯಿಬಾಲದಂಥದ್ದು, ನವಿಲುಗರಿಯಂಥದ್ದು. ದಿಂಬಿನ ಚೀಲ ಹಿಡಿದು ಗೋರಿಗಳ ನಡುವೆ ಬಗ್ಗಿ ಬಗ್ಗಿ ತೆನೆ ಸವರಿಕೊಳ್ಳುತ್ತಿದ್ದೆ.

ಮಟಮಟ ಮಧ್ಯಾಹ್ನ. ಕೆಂಪು ಹಸುವೊಂದನ್ನು ಹಿಡಿದುಕೊಂಡು ಒಬ್ಬ ಹೆಂಗಸು ದಾರಿಯಲ್ಲಿ ನಿಂತಳು. "ಯಾರದು?" ಎಂದಳು.

ನಾನು ಎದ್ದು ನಿಂತೆ. ಗಂಟಲಿಗೆ ಬಿಳಿ ಬಟ್ಟೆ, ಕೂದಲ ತುಂಬ ಊಬು, ಕೈಯಲ್ಲಿ ಚೀಲ. ಉತ್ತರ ಕೊಡಲಿಲ್ಲ, ನಕ್ಕೆ. ನಗಬಾರದಿತ್ತು.

ಹಸು ಮುಂದೆ, ಅವಳು ಹಿಂದೆ, ಇಬ್ಬರೂ ಓಡಿದರು.

ಮಾರ್ಚ್ ೧೨

ಆಪರೇಷನ್ ಆಯಿತು. ಹೇಳುವುದೇನಿಲ್ಲ. ಹೇಳುವಂತೆಯೂ ಇಲ್ಲ.

ಏಪ್ರಿಲ್ ೧೯

ಮೈಮೇಲೆ ಹಲ್ಲಿ ಬಿತ್ತು. ಕಿರುಚಿದೆ. ಡಾಕ್ಟರು ಮೌನದ ಲೆಕ್ಕವನ್ನು ಮೊದಲಿನಿಂದ ಶುರು ಮಾಡಿದ್ದಾರೆ. "ನಾನಾಗಿ ಹೇಳುವವರೆಗೆ ಒಂದಕ್ಷರ ಆಡಬೇಡಿ" ಎಂದರು. ಹಲ್ಲಿಗೆ ಯಾವ ಶಿಕ್ಷೆಯೂ ಇಲ್ಲ.

ಜೂನ್ ೧೧

ಮೂರು ಒಳ್ಳೆಯ ಮಳೆ ಬಿದ್ದಿದೆ. ಬಿತ್ತಿದೆ!

ಗುಲಾಬಿಯವರು ಬಿಟ್ಟುಹೋದ ಎರಡು ಕೋಣೆಯ ಮನೆಯಲ್ಲೇ ವಾರವಿಡೀ ಉಳಿದು, ಭಾನುವಾರಕ್ಕೆ ಹೊಸೂರಿಗೆ ಹೋಗುವುದೆಂದು ಆಗಿದೆ. ಬೀಜವನ್ನು ಮರಳಿನಲ್ಲಿ ಕಲಸಿ ಎರಚಿ, ಮೇಲೆ ಸುಡುಗಾಡಿನಿಂದ ತಂದ ಒಣಹುಲ್ಲು ಹರಡಿದೆ. ಬಿತ್ತುವ ಮುಂಚೆ ಪಕ್ಕದ ಹೊಲದ ಆವುಲಪ್ಪ ಮೇಲೆ ಮೇಲೆ ಒಂದು ಸಾಲು ಉತ್ತು ಕೊಟ್ಟ. ದನಗಳನ್ನು ತೆಲುಗಿನಲ್ಲಿ ಬೈದು, ಮನುಷ್ಯರನ್ನು ಕನ್ನಡದಲ್ಲಿ ಬೈಯುವವನು.

"ನಮ್ಮಪ್ಪ ಸಾಯೋವರ್ಗೂ ಹುಲ್ ಕಿತ್ತೇ ಸತ್ತ. ಇವ್ರು ಹುಲ್ ಬಿತ್ತಾವ್ರೆ!" ಎಂದು ಎತ್ತುಗಳಿಗೆ ಕೇಳುವಂತೆ ಹೇಳಿದ. ಕನ್ನಡದಲ್ಲೇ ಹೇಳಿದ್ದರಿಂದ ನನಗೆಂದು ತಿಳಿಯಿತು. ಆಮೇಲೆ ಕನಿಕರ ಬಂದಿರಬೇಕು. "ಒಂದ್ ಗಾಡಿ ಗೊಬ್ರ ಹೊಡಿಸ್ಲಾ ಟೀಚರಮ್ಮ? ಸುಮ್ಕೆ ಕೊಡ್ತೀನಿ" ಎಂದ.

ಕುತ್ತಿಗೆ ಉಳುಕುವಷ್ಟು ತಲೆಯಾಡಿಸಿದೆ. ಬೇಡ, ಬೇಡ, ಬೇಡ. ಕೊಬ್ಬಿದ ನೆಲದಲ್ಲಿ ಯಾರಾದರೊಬ್ಬ ದಾಂಡಿಗ ಎದ್ದು ಉಳಿದವರನ್ನೆಲ್ಲ ತುಳಿಯುತ್ತಾನೆ. ಬಡ ನೆಲದಲ್ಲಿ ಎಲ್ಲರಿಗೂ ಅರೆಹೊಟ್ಟೆ, ಆದ್ದರಿಂದ ಎಲ್ಲರಿಗೂ ಜಾಗ. ಇದನ್ನು ಸನ್ನೆಯಲ್ಲಿ ವಿವರಿಸಲು ನೋಡಿದೆ. ಆವುಲಪ್ಪ ನನಗೆ ಕುಡಿಯಲು ನೀರು ತಂದುಕೊಟ್ಟ.

ಜುಲೈ ೨

ಮೊಳಕೆ ಬಂದಿವೆ. ಮಂಡಿಯೂರಿ ಕೂತರೆ ಮಾತ್ರ ಕಾಣುತ್ತವೆ, ನೆಲಕ್ಕೆ ಬಂದ ಮೊದಲ ಮೀಸೆಯ ಹಾಗೆ.

ಆದರೆ ನನಗಿಂತ ಮುಂಚೆ ಹಸುಗಳಿಗೆ ಕಂಡಿವೆ. ಊರಿನ ದನಗಳು ದಿನಾ ಈ ಕಡೆಯಿಂದಲೇ ಹಾದು ಹೋಗುತ್ತವೆ, ಬೇಲಿ ಅವಕ್ಕೆ ಮೈ ತುರಿಸಿಕೊಳ್ಳುವ ಸಲಕರಣೆ. ಮೊದಲ ವರ್ಷ ಒಂದು ಬಾಯಿಯೂ ಒಂದು ಗೊರಸೂ ಬೀಳಬಾರದು. ಕೂಗುವಂತಿಲ್ಲ. ತಟ್ಟೆಗೆ ಸೌಟು ಬಡಿಯುತ್ತಾ ಓಡಿದೆ. ಹಸುಗಳು ಊಟಕ್ಕೆ ಕರೆದಳೆಂದು ಇನ್ನೂ ಹತ್ತಿರ ಬಂದವು.

ಸುಡುಗಾಡಿನ ದಿನದ ಆ ಹೆಂಗಸೂ ಅಲ್ಲಿದ್ದಳು. ರಾಮಕ್ಕನಂತೆ. ಹಸುವಿನ ಹೆಸರು ಕೆಂದಿ. ಈ ಸಲ ನನ್ನ ಕಾಲು ನೆಲಕ್ಕೆ ತಾಗಿರುವುದನ್ನು ನೋಡಿ, ದೆವ್ವವಲ್ಲವೆಂದು ಧೈರ್ಯ ಬಂದಿರಬೇಕು, ಹತ್ತಿರ ಬಂದಳು. "ಯಾಕಮ್ಮ, ಬಾಯ್ ಬರಾಕಿಲ್ವಾ?"

ಗಂಟಲು ತೋರಿಸಿದೆ. ತುಟಿಯ ಮೇಲೆ ಬೆರಳಿಟ್ಟು ಬೀಗ ಹಾಕಿದಂತೆ ತಿರುಗಿಸಿದೆ. ಎಷ್ಟು ದಿನ ಎಂದು ಕೈಯಾಡಿಸಿದಳು. ದೇವರಿಗೇ ಗೊತ್ತು ಎನ್ನಲು ಆಕಾಶ ತೋರಿಸಿದೆ. ಕೊನೆಗೆ ಮೊಳಕೆಗಳತ್ತ ಕೈ ತೋರಿ, ದಯವಿಟ್ಟು ದನ ಬಿಡಬೇಡಿ ಎಂದು ಕೈಮುಗಿದೆ.

ಅವಳ ಕಣ್ಣು ದೊಡ್ಡದಾಯಿತು. "ಓ ಅಂಗಾ" ಎಂದು ಸೆರಗನ್ನು ತಲೆಗೆ ಎಳೆದುಕೊಂಡು, ನನಗೂ ಮೊಳಕೆಗೂ ಸೇರಿಸಿ ಒಂದೇ ಸಲ ಕೈಮುಗಿದು ಹೋದಳು.

ಎಂಥ ಒಳ್ಳೆಯ ಜನ. ಸನ್ನೆಯಲ್ಲೂ ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಳು.

ಜುಲೈ ೯

ಅರ್ಥವಾಗಿದ್ದು ಬೇರೆಯೇ. ಬೆಳಿಗ್ಗೆ ನೋಡಿದರೆ ನಮ್ಮ ಗೇಟಿನ ಕಲ್ಲುಕಂಬಕ್ಕೆ ಅರಿಸಿನ ಬಳಿದು ಕುಂಕುಮ ಇಟ್ಟಿದ್ದಾರೆ, ಬುಡದಲ್ಲಿ ಎರಡು ನಿಂಬೆಹಣ್ಣು. ದನಗಳ ದಾರಿ ಆವುಲಪ್ಪನ ಹೊಲದ ಆಚೆಗೆ ತಿರುಗಿದೆ. ಅವನೇ ಬಂದು ಚಪ್ಪಲಿ ಹೊರಗೆ ಬಿಟ್ಟು ಹೇಳಿದ: "ಸಪಲಮ್ಮಂಗೆ ಬಾಯ್ಬೀಗದ ಹರ್ಕೆ ಹೊತ್ತಿದ್ದೀರಂತೆ. ಮೊದ್ಲೇ ಏಳ್ಬಾರ್ದಾ? ನಾನ್ ಏನೇನೋ ಅಂದ್ಬುಟ್ಟೆ, ಮನ್ಸಿಗೆ ಹಾಕ್ಕಾಬೇಡಿ."

ಸಪಲಮ್ಮ ಇಲ್ಲಿ ದನ ಕಾಯುವ ದೇವತೆ. ಬಾಯಿಗೆ ಬೀಗ ಚುಚ್ಚಿಕೊಂಡು ಹರಕೆ ತೀರಿಸುವವರನ್ನು ಈ ಜನ ನೋಡಿದ್ದಾರೆ. ಬೀಗವಿಲ್ಲದೆಯೇ ಬಾಯಿ ಮುಚ್ಚಿಕೊಂಡವಳು ಎಂಬುದಕ್ಕೆ ನನಗೆ ಇನ್ನೂ ಒಂದು ಕೈ ಹೆಚ್ಚು ಮರ್ಯಾದೆ. ನಾನು ದೇವಿಗೆ ಹುಲ್ಲು ಬೆಳೆಸುತ್ತಿದ್ದೇನೆ. ತುಳಿದವರಿಗೆ, ಮೇಯಿಸಿದವರಿಗೆ, ಕಿತ್ತವರಿಗೆ ಒಳ್ಳೆಯದಾಗುವುದಿಲ್ಲ.

ಚೀಟಿಯಲ್ಲಿ ಬರೆದು ತಪ್ಪು ತಿದ್ದಬಹುದಿತ್ತು. ಗಡಿಯ ಈಚೆ, ತಮಿಳುನಾಡಿನ ಈ ಊರಲ್ಲಿ ಮಾತು ಕನ್ನಡ, ಓದು ತಮಿಳು; ತಮಿಳಿನಲ್ಲಿ ಬರೆದರೆ ಶಾಲೆಗೆ ಹೋದವರು ಯಾರಾದರೂ ಓದಿ ಹೇಳುತ್ತಿದ್ದರು. ಪೆನ್ನು ತೆಗೆದೆ ಕೂಡ. ಆಗ ಕಂಡದ್ದು: ಬೇಲಿಯಾಚೆ ಒಂದು ಕರು ಒಳಗೆ ತಲೆ ಹಾಕಲು ಹೋಯಿತು, ಯಾರೋ ಅದರ ಕಿವಿ ಹಿಡಿದು ಎಳೆದುಕೊಂಡು ಹೋದರು.

ಪೆನ್ನು ಮುಚ್ಚಿದೆ.

ನನ್ನ ಮೆಸೇಜು ಓದಿ ಮುರಳಿ ಫೋನ್ ಮಾಡಿ ಐದು ನಿಮಿಷ ನಕ್ಕ. "ಗಂಡ ಅಂತ ನಂಗೂ ಏನಾದ್ರೂ ಪೂಜೆ ಉಂಟಾ?"

ಜುಲೈ ೨೮

ರಾಮಕ್ಕ ದಿನಾ ಬರುತ್ತಾಳೆ. ಕೆಂದಿಯನ್ನು ಬೇಲಿಯ ಹೊರಗೆ ಕಟ್ಟಿ, ಮನೆಯ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಾಳೆ. ಸೊಸೆ ನಾಗಲಕ್ಷ್ಮಿಯದು ಮೊದಲ ಕಂತು. ಎರಡನೆಯದು ತೀರಿಹೋದ ಯಜಮಾನನದು, ಅದರಲ್ಲಿ ಸತ್ತವರ ಬಗ್ಗೆ ಆಡಬಾರದ್ದೂ ಇರುತ್ತದೆ. "ನಿಮ್ ತಾವ ಏಳುದ್ರೆ ಬಾವೀಗ್ ಕಲ್ ಹಾಕ್ದಂಗೆ ಕಣಮ್ಮ" ಎನ್ನುತ್ತಾಳೆ. "ಇನ್ಯಾರಿಗಾದ್ರೂ ಏಳಿದ್ರೆ ಸಾಯಂಕಾಲಕ್ಕೆ ಊರೆಲ್ಲಾ ಹಬ್ಬ."

ಮೊದಮೊದಲು ಎದ್ದು ಹೋಗಲು ದಾರಿ ಹುಡುಕುತ್ತಿದ್ದೆ. ಕವಿತೆಯ ಪುಸ್ತಕ ಮಡಿಲಲ್ಲಿ ತೆರೆದಿರುತ್ತಿತ್ತು. ಇಂದು ನೋಡಿಕೊಂಡೆ, ಬೆಳಿಗ್ಗೆಯಿಂದ ಪುಟ ತಿರುಗಿಸಿಲ್ಲ. ನಿನ್ನೆ ಅವಳು ನಿಲ್ಲಿಸಿದ ಕಡೆ, ಸೊಸೆ ತನ್ನ ಚಿನ್ನದ ಓಲೆಯನ್ನು ತವರಿಗೆ ಕೊಟ್ಟಳೋ ಇಲ್ಲವೋ ಎಂಬುದು ನನಗೆ ತಿಳಿಯಲೇಬೇಕಿತ್ತು. (ಕೊಟ್ಟಿದ್ದಳು.)

ಕವಿಗಳು ಹುಲ್ಲಿನ ಬಗ್ಗೆ ಬರೆಯುವಾಗ ಅದನ್ನು ಯಾವಾಗಲೂ ವಿನಯವಂತ ಮಾಡುತ್ತಾರೆ. ಬಾಗುತ್ತದಂತೆ, ತುಳಿಸಿಕೊಳ್ಳುತ್ತದಂತೆ. ಅವರು ಅಕ್ಕಪಕ್ಕ ಬೆಳೆದ ಎರಡು ಹುಲ್ಲುಗಳ ಜಗಳ ನೋಡಿಲ್ಲ.

ಆಗಸ್ಟ್ ೧೪

ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿದರು. "ಪೂರ್ತಿ ವಾಸಿ. ಮೆಲ್ಲಗೆ ಮಾತಾಡಿ ನೋಡೋಣ, ನಿಮ್ಮ ಹೆಸರು?"

"ಶ್ರೀರಂಜನಿ."

ಯಾರೋ ಪಕ್ಕದ ಕೋಣೆಯಿಂದ ಹೇಳಿದ ಹಾಗಿತ್ತು. ಮುರಳಿಯ ಕಣ್ಣಲ್ಲಿ ನೀರು ಬಂತು. ಆಮೇಲೆ ಕಾರಿನಲ್ಲಿ, "ಆ ಹಲ್ಲಿಗೆ ಥ್ಯಾಂಕ್ಸ್ ಹೇಳ್ಬೇಕು, ಎರಡು ತಿಂಗಳು ಬೋನಸ್ ಸಿಕ್ತು" ಎಂದ.

ಆಗಸ್ಟ್ ೧೬

ಹೊಲಕ್ಕೆ ಬರುವಾಗ ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ: "ರಾಮಕ್ಕ, ನಂಗೆ ಮಾತು ಬಂತು." ಮೆಟ್ಟಿಲ ಮೇಲೆ ಅವಳು ಕಾದಿದ್ದಳು. ಬೇಲಿಯಾಚೆ ಊರ ದನವೆಲ್ಲ ದೂರದಿಂದ ಶಿಸ್ತಾಗಿ ಹೋಗುತ್ತಿದ್ದವು. ಮೊಳಕೆಗಳೀಗ ಗೇಣುದ್ದ, ಇನ್ನೊಂದು ತಿಂಗಳು ಕಾಪಾಡಿದರೆ ಬೇರು ಹಿಡಿಯುತ್ತವೆ.

ಇನ್ನೊಂದು ತಿಂಗಳು, ಅಷ್ಟೇ. ಹೇಳಲಿಲ್ಲ.

ಸುಳ್ಳು ಆಡಿದರೆ ತಾನೆ ಸುಳ್ಳು? ನಾನು ಏನನ್ನೂ ಆಡಿಯೇ ಇಲ್ಲ.

ಆಗಸ್ಟ್ ೩೦

ಇವತ್ತು ಸಂತೋಷ ಹೆಚ್ಚಾಗಿ ಎರಡು ಸಲ ಊಟ ಮಾಡಿದೆ. ಹನ್ನೊಂದು ಜಾತಿ ಹುಲ್ಲು ಗುರುತಿಸಿದೆ. ತುಂಬೆ ಹೂ ಬಿಟ್ಟಿದೆ. ವಿಷ್ಣುಕ್ರಾಂತಿ, ನೆಲನೆಲ್ಲಿ, ಅಣ್ಣೆಸೊಪ್ಪು, ಹುರುಳಿಯ ಕಾಡು ತಂಗಿಯೊಂದು. ಮುನಿಯ ಹಕ್ಕಿಗಳು ಗುಂಪಾಗಿ ಬಂದು, ನಾನು ಬಿತ್ತಿದ್ದು ತಮಗೇ ಎಂಬಂತೆ ತೆನೆ ಪರೀಕ್ಷಿಸಿ ಹೋದವು.

ಕೆಳಗಿನ ಮೂಲೆಯಲ್ಲಿ ಅಗಲ ಎಲೆಯ ದಪ್ಪ ಹುಲ್ಲು ಎದ್ದಿದೆ. ಗಿನಿ ಹುಲ್ಲು. ಗುಲಾಬಿಯವರ ಗೊಬ್ಬರ ಅಲ್ಲಿ ಇನ್ನೂ ಉಳಿದಿರಬೇಕು. ನಾಳೆ ನೋಡೋಣ.

ಸೆಪ್ಟೆಂಬರ್ ೧೭

ನಾಳೆ ನೋಡೋಣ ಎಂದವಳು ಎಷ್ಟು ದೊಡ್ಡ ದಡ್ಡಿ! ಮಳೆ ಬಿಡದೆ ಹೊಡೆಯಿತು. ಮೂಲೆಯ ಗಿನಿ ಹುಲ್ಲು ಅರ್ಧ ಹೊಲ ಹಿಡಿದು ನನ್ನ ಸೊಂಟಕ್ಕೆ ಬಂದಿದೆ. ಬುಡದಲ್ಲಿ ಇಣುಕಿದರೆ ಕತ್ತಲು. ನನ್ನ ಹನ್ನೊಂದು ಜಾತಿಯೂ ಅದರ ಕೆಳಗೆ ಹಳದಿಯಾಗುತ್ತಿವೆ. ಕೊಯ್ದು ಹೊರಗೆ ಸಾಗಿಸಬೇಕು, ಮೊಣಕಾಲೆತ್ತರಕ್ಕೆ, ಬೇಗ. ಹಾಗೆ ವರ್ಷಾವರ್ಷ ಕೊಯ್ದರೆ ನೆಲದ ಕೊಬ್ಬೂ ಇಳಿಯುತ್ತದೆ. ದನ ಇರುವವರಿಗೆ ಇದಕ್ಕಿಂತ ಒಳ್ಳೆಯ ಮೇವಿಲ್ಲ. ಕರೆದರೆ ಓಡಿ ಬರುತ್ತಾರೆ ಎಂದುಕೊಂಡೆ.

ಒಬ್ಬರೂ ಬರಲಿಲ್ಲ. ಕುಡುಗೋಲಿನ ಸನ್ನೆ ಮಾಡಿ ತೋರಿಸಿದರೆ ಆವುಲಪ್ಪ ಎರಡೂ ಕಿವಿ ಮುಟ್ಟಿಕೊಂಡ. "ಪರೀಕ್ಷೆ ಮಾಡ್ತೀರಾ ಟೀಚರಮ್ಮ? ನಾನ್ ಬೀಳಾಕಿಲ್ಲ."

ಮುರಳಿ ತಳಿಯಿಂದ ಮುನಿಶಾಮಿ ಎಂಬುವವನನ್ನು ಹುಲ್ಲು ಕತ್ತರಿಸುವ ಯಂತ್ರದ ಸಮೇತ ಕಳಿಸಿದ. ಅವನು ಗೇಟಿನ ಕಂಬದ ಅರಿಸಿನ ಕುಂಕುಮ ನೋಡಿ ಯಂತ್ರವನ್ನು ಬೈಕಿನಿಂದ ಇಳಿಸಲೇ ಇಲ್ಲ. "ಮಿಷಿನ್ ಹೊಸದಮ್ಮ" ಎಂದು ಹೊರಟುಹೋದ.

ಸೆಪ್ಟೆಂಬರ್ ೨೧

ಭಾನುವಾರ. ಮುರಳಿ ಬಂದು, ಪ್ಯಾಂಟು ಮಡಚಿ, ಕುಡುಗೋಲು ಹಿಡಿದು, ಒಂದು ಮಂಚದಷ್ಟು ಜಾಗ ಕೊಯ್ದು, ಅದೇ ಅಳತೆಯಲ್ಲಿ ಅದರ ಮೇಲೆ ಮಲಗಿದ. ಸೊಂಟ ಹಿಡಿದಿದೆ.

ಮಲಗಿದ್ದಲ್ಲಿಂದಲೇ ಹೇಳಿದ: "ಗುಲಾಬಿಯವರು ಫೋನ್ ಮಾಡಿದ್ದರು ರಂಜಿ. ಈ ತಿಂಗಳ ಕೊನೆಗೆ ಉತ್ತರ ಬೇಕಂತೆ. ಅಕ್ಟೋಬರ್ ಕೊನೆ ಅಂದಿದ್ದೀನಿ." ನಿಂತಿದ್ದರೆ ಅವನಿಗೆ ಇದನ್ನು ಹೇಳಲು ಆಗುತ್ತಿರಲಿಲ್ಲ.

ಸೆಪ್ಟೆಂಬರ್ ೨೯

ನಾಲ್ಕು ದಿನದಿಂದ ನಾನೇ ಕೊಯ್ಯುತ್ತಿದ್ದೇನೆ. ಕೊಯ್ದ ಕಡೆ ಅದು ಮತ್ತೆ ಚಿಗುರುತ್ತದೆ. ಅಂಗೈಯಲ್ಲಿ ಬೊಬ್ಬೆ. ರಾಮಕ್ಕ ಬೇಲಿಯಾಚೆ ನಿಂತು ಲೊಚಗುಟ್ಟುತ್ತಾಳೆ, ಒಳಗೆ ಕಾಲಿಡುವುದಿಲ್ಲ.

ಬಾಯಿ ಬಿಟ್ಟು ಹೇಳಿಬಿಡಲೇ? ಈಗ ಹೇಳಿದರೆ ಆಗಸ್ಟಿನಿಂದ ಏಕೆ ಹೇಳಲಿಲ್ಲ ಎನ್ನುತ್ತಾಳೆ. ಬೀಗ ಹಾಕಿಕೊಳ್ಳುವುದು ಸುಲಭ. ಕೀಲಿಕೈ ಕೂಡ ಒಳಗೇ ಉಳಿದುಬಿಟ್ಟಿದೆ.

ಅಕ್ಟೋಬರ್ ೬

ಇದನ್ನು ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ತುಂತುರು ಮಳೆ. ರಾಮಕ್ಕ ಮೆಟ್ಟಿಲ ಮೇಲೆ ಕೂತು ನಾಗಲಕ್ಷ್ಮಿ ತನ್ನೊಡನೆ ಎರಡು ದಿನದಿಂದ ಮಾತು ಬಿಟ್ಟಿರುವ ಕತೆ ಹೇಳುತ್ತಿದ್ದಳು. ಕತೆ ಎಷ್ಟು ರಸವತ್ತಾಗಿತ್ತೆಂದರೆ ಕೆಂದಿ ಹಗ್ಗ ಬಿಚ್ಚಿಕೊಂಡದ್ದು ಇಬ್ಬರಿಗೂ ತಿಳಿಯಲಿಲ್ಲ. ನೋಡುವಷ್ಟರಲ್ಲಿ ಗಿನಿ ಹುಲ್ಲಿನ ನಡುವೆ ಅದರ ಬಾಲ ಮಾತ್ರ ಕಾಣುತ್ತಿತ್ತು.

ರಾಮಕ್ಕ ಬೇಲಿಯವರೆಗೆ ಓಡಿ ಅಲ್ಲೇ ಕುಸಿದಳು. ಒಳಗೆ ಹೋಗುವಂತಿಲ್ಲ, ಹೊರಗೆ ನಿಲ್ಲುವಂತಿಲ್ಲ. ನಾನು ಹೋಗಿ ಎಳೆದು ತಂದೆ. ಖಾಲಿ ಹೊಟ್ಟೆಗೆ ಒದ್ದೆ ಹುಲ್ಲನ್ನು ಗಬಗಬ ತುಂಬಿಕೊಂಡಿತ್ತು. ಎಡ ಪಕ್ಕೆ ನೋಡನೋಡುತ್ತ ತಮಟೆಯಂತೆ ಉಬ್ಬಿತು. ಬಾಯಲ್ಲಿ ಜೊಲ್ಲು, ಕಾಲು ಅಗಲಿಸಿ ನಿಂತು ನರಳುತ್ತಿದೆ.

"ಹೊಡ್ದುಬುಟ್ಲು! ಸಪಲಮ್ಮ ಹೊಡ್ದುಬುಟ್ಲು! ನನ್ ಮನೇಗ್ ಇದೊಂದೇ ಕಣವ್ವಾ ಇರೋದು!" ರಾಮಕ್ಕ ಎದೆ ಎದೆ ಬಡಿದುಕೊಂಡಳು.

ಅವಳ ಹತ್ತಿರ ಫೋನಿಲ್ಲ. ನನ್ನ ಫೋನಿನಲ್ಲಿ ತಳಿಯ ಪಶುವೈದ್ಯ ಗೋಪಿನಾಥ್ ಅವರ ನಂಬರಿತ್ತು. ಒತ್ತಿದೆ. ಅವರು ಎತ್ತಿ ತಮಿಳಿನಲ್ಲಿ ಯಾರು ಎಂದರು. ಹೀಗೆ, ಈ ಹೊಲದಲ್ಲಿ ನಾನು ಆಡಿದ ಮೊದಲ ಮಾತು ತಮಿಳಾಯಿತು: "ಡಾಕ್ಟರ್ ಸಾರ್, ಮಾಡು ವಯಿರು ಉಪ್ಪಿಪ್ಪೋಚ್ಚು. ಸೀಕ್ಕಿರಂ ವಾಂಗ." ಹಸುವಿನ ಹೊಟ್ಟೆ ಉಬ್ಬಿದೆ, ಬೇಗ ಬನ್ನಿ.

ರಾಮಕ್ಕನ ಅಳು ಅರ್ಧಕ್ಕೆ ನಿಂತಿತು. ಬಾಯಿ ತೆರೆದೇ ಇತ್ತು.

ಅವರು ಹೇಳಿದ್ದನ್ನೆಲ್ಲ ಮಾಡಿದೆವು. ತಲೆ ದಿಬ್ಬದ ಕಡೆಗೆ ಮಾಡಿ ನಿಲ್ಲಿಸಿ, ಅಗಿಯುತ್ತಿರಲೆಂದು ಬಾಯಿಗೆ ಅಡ್ಡ ಕೋಲು ಕಟ್ಟಿ, ಸೀಸೆಯಲ್ಲಿದ್ದ ಕಡಲೆಕಾಯಿ ಎಣ್ಣೆ ಕುಡಿಸಿದೆವು. "ಹಿಡ್ಕೋ ರಾಮಕ್ಕ, ತಲೆ ಎತ್ತಿ ಹಿಡ್ಕೋ!" ಎಂದು ನಾನು ಕೂಗುತ್ತಿದ್ದೆ. ಸದ್ದು ಕೇಳಿ ಆವುಲಪ್ಪ ಬಂದ, ಅವನ ಹಿಂದೆ ಊರು ಬಂತು. ಎಲ್ಲರೂ ಬೇಲಿಯಾಚೆ ಸಾಲಾಗಿ ನಿಂತು ದೇವಿಯ ತೀರ್ಪಿಗೆ ಕಾದರು. ಗೋಪಿನಾಥ್ ಬೈಕಿನಿಂದ ಇಳಿದು ಸೂಜಿ ಹಾಕಿ, ಪಕ್ಕೆ ತಿಕ್ಕಿದರು.

ಕೆಂದಿ ತೇಗಿದಳು. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ, ಅಷ್ಟು ಅರ್ಥಪೂರ್ಣವಾದ ತೇಗು ಕೇಳಿಲ್ಲ. ಊರಿಗೆ ಊರೇ ಉಸಿರು ಬಿಟ್ಟಿತು.

ಎಲ್ಲ ಹೋದಮೇಲೆ ರಾಮಕ್ಕ ನನ್ನ ಕಾಲು ಹಿಡಿದುಕೊಂಡಳು. "ನನ್ ಹಸೀಗೋಸ್ಕರ ಹರ್ಕೆ ಮುರ್ಕಂಡ್ರಲ್ಲಾ ತಾಯಿ! ಈ ರುಣ ಎಂಗ್ ತೀರಿಸ್ಲಿ!"

ಇದನ್ನು ತಾಳಲು ಆಗಲಿಲ್ಲ. ಹೇಳಿಬಿಟ್ಟೆ. ಹರಕೆಯಲ್ಲ, ಗಂಟಲಲ್ಲಿ ಗಂಟಿತ್ತು. ಆಗಸ್ಟಿನಲ್ಲೇ ವಾಸಿಯಾಯಿತು.

ಅವಳು ಕಾಲು ಬಿಟ್ಟಳು. "ಆಗಸ್ಟಿಂದ?"

"ಹೂಂ."

"ಅಂದ್ರೆ ನಾಗಲಕ್ಷ್ಮಿ ಹಾಲಿಗ್ ನೀರ್ ಬೆರ್ಸಿ ಡೈರಿಗ್ ಹಾಕಿದ್ದ ಏಳ್ದಾಗ?"

"ಮಾತು ಬರ್ತಿತ್ತು."

"ನಮ್ಮೆಜಮಾನ್ರು ಡೆಂಕಣಿಕೋಟೇಗ್ ಕದ್ದು ಹೋಗ್ತಿದ್ ವಿಷ್ಯ?"

"ಆಗಲೂ."

ಎದ್ದು, ಕೆಂದಿಯ ಹಗ್ಗ ಕೈಗೆ ಸುತ್ತಿಕೊಂಡು, ತಿರುಗಿ ನೋಡದೆ ಹೋದಳು.

ಅಕ್ಟೋಬರ್ ೭

ಬರಲಿಲ್ಲ.

ಅಕ್ಟೋಬರ್ ೮

ಬರಲಿಲ್ಲ. ಹುಲ್ಲು ಎದೆಗೆ ಬಂದಿದೆ. ದೇವಿ ಹೊಡೆದದ್ದನ್ನು ಊರೇ ಕಣ್ಣಾರೆ ಕಂಡಿದೆಯಲ್ಲ, ಈಗ ಹೊಲದ ಪಕ್ಕದ ದಾರಿಯಲ್ಲೂ ಜನವಿಲ್ಲ. ಕವಿತೆ ಓದಲು ಕೂತೆ. ಮೆಟ್ಟಿಲು ತೀರಾ ಅಗಲವಾಗಿದೆ.

ಅಕ್ಟೋಬರ್ ೧೨

ನಾನೇ ಅವಳ ಮನೆಗೆ ಹೋದೆ. ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದಳು. ನಾಗಲಕ್ಷ್ಮಿ ನೀರು ತಂದುಕೊಟ್ಟು, ನಾನು ಅವಳ ವಿಷಯ ಏನೇನು ತಿಳಿದಿದ್ದೇನೆಂದು ಅರಿಯದೆ ಮುಗ್ಧವಾಗಿ ನಕ್ಕಳು. ನನಗೆ ನೀರು ನೆತ್ತಿಗೇರಿತು.

ಸೊಸೆ ಒಳಗೆ ಹೋಗುವವರೆಗೆ ರಾಮಕ್ಕ ಮೊರದಿಂದ ತಲೆ ಎತ್ತಲಿಲ್ಲ.

"ತಪ್ಪಾಯ್ತು ರಾಮಕ್ಕ."

"ತಪ್ಪಂತೆ ತಪ್ಪು. ನಾನು ಬೆತ್ಲೆ ಕೂತಂಗ್ ಕೂತಿದ್ದೆ ನಿಮ್ ಮುಂದೆ. ನೀವು ಸೀರೆ ಉಟ್ಕಂಡು ನೋಡ್ತಿದ್ರಿ." ಮೊರ ಕೆಳಗಿಟ್ಟಳು. "ಕೂತ್ಕಳಿ. ಈಗ ನೀವ್ ಏಳಿ. ನಾನ್ ಬಾಯ್ ತೆಗಿಯಾಕಿಲ್ಲ."

"ಏನು ಹೇಳಲಿ?"

ಅವಳು ತುಟಿಯ ಮೇಲೆ ಬೆರಳಿಟ್ಟು ಬೀಗ ತಿರುಗಿಸಿದಳು.

ಒಂದೇ ಉಸಿರಿಗೆ ಮುಕ್ಕಾಲು ಗಂಟೆ ಪಾಠ ಮಾಡುತ್ತಿದ್ದವಳಿಗೆ ಮಾತು ಹೊರಡಲಿಲ್ಲ. ಜೀವಕೋಶದ ರಚನೆ ಕೇಳಿದ್ದರೆ ಹೇಳುತ್ತಿದ್ದೆ. ಆಮೇಲೆ ಹೇಗೋ ಶುರುವಾಯಿತು. ಬಿಸಿಲು ಜಗುಲಿಯಿಂದ ಇಳಿದು ಹಿತ್ತಿಲಿಗೆ ಹೋಯಿತು.

ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ರಾಮಕ್ಕನ ಹತ್ತಿರ ಇದೆ.

ಕೊನೆಗೆ ಹುಲ್ಲಿನ ಮಾತೂ ಬಂತು. ಕೊಯ್ಯದಿದ್ದರೆ ಕೆಳಗಿನದೆಲ್ಲ ಸಾಯುತ್ತದೆ, ತಿಂಗಳ ಕೊನೆಗೆ ಹೊಲ ಗುಲಾಬಿಯವರಿಗೆ ಹೋಗುತ್ತದೆ ಎಂದೆ. ಅವಳು ಬೀಗ ತೆಗೆದಳು. "ಅದ್ಕೇನಂತೆ, ಹರ್ಕೆ ತೀರಿಸ್ಬುಡಾಣ. ತೀರಿದ್ಮೇಲೆ ಪ್ರಸಾದ ಅಂಚ್ಲೇಬೇಕಲ್ಲ? ಹುಲ್ಲೇ ಪ್ರಸಾದ. ಮನೇಗೊಂದ್ ಹೊರೆ."

"ಸುಳ್ಳಾಗಲ್ವಾ ರಾಮಕ್ಕ? ನಾನು ಹರಕೆ ಹೊತ್ತೇ ಇಲ್ಲ."

"ಹುಲ್ ಬರ್ಲಿ ಅಂತ ಆಸೆ ಪಟ್ರೋ ಇಲ್ವೋ? ಅದುಕ್ಕೋಸ್ಕರ ಬಾಯ್ ಮುಚ್ಕಂಡಿದ್ರೋ ಇಲ್ವೋ?"

"ಇದ್ದೆ."

"ಹರ್ಕೆ ಅಂದ್ರೆ ಇನ್ನೇನ್ ಕೊಂಬ್ ಇರ್ತದಾ?" ಎಂದಳು. ಆಮೇಲೆ ದನಿ ಇಳಿಸಿ, "ಮೊದಲ್ನೇ ಕುಡ್ಲು ನಾನ್ ಹಾಕ್ತೀನಿ. ಏನಾರ ಆದ್ರೆ ನನ್ ತಲೆ ಮ್ಯಾಲೆ" ಎಂದಳು. ಅವಳು ನಂಬುತ್ತಾಳೆ. ದೇವಿಯನ್ನೂ, ಕೆಂದಿಗೆ ಬಿದ್ದ ಏಟನ್ನೂ. ನಂಬಿಕೊಂಡೇ ಹೇಳಿದಳು.

ಅಕ್ಟೋಬರ್ ೨೬

ಭಾನುವಾರ, ಹೊಲ ತುಂಬ ಜನ. ಮೈ ಕೈ ನೋವು, ಆದರೂ ನಾಲ್ಕು ಸಾಲು.

ಗೇಟಿನ ಕಂಬಕ್ಕೆ ಪೂಜೆಯಾಯಿತು. ರಾಮಕ್ಕ ಒಳಗೆ ಕಾಲಿಟ್ಟಳು. ಕಣ್ಣು ಮುಚ್ಚಿ ಒಂದು ಹಿಡಿ ಕೊಯ್ದು ಹಾಗೇ ನಿಂತಳು. ಬೇಲಿಯಾಚೆ ಮೂವತ್ತು ಜನ ಅವಳು ಬೀಳುವುದನ್ನು ಕಾದರು. ನನಗೂ ಒಂದು ಕ್ಷಣ, ಎಂಎಸ್ಸಿ ಸಮೇತ, ಭಯವಾಯಿತು. ಹೋಗಿ ಅವಳ ಪಕ್ಕ ಭುಜ ತಾಗಿಸಿ ನಿಂತೆ. ಅವಳು ಒಂದು ಕಣ್ಣು ತೆರೆದಳು. ಆ ಹಿಡಿಯನ್ನು ಕೆಂದಿಯ ಬಾಯಿಗೆ ಕೊಟ್ಟಳು. ಕೆಂದಿ ತಿಂದಳು. ಮತ್ತೂ ಬೇಕೆಂದಳು.

ಆಮೇಲೆ ತಡೆಯುವವರಿರಲಿಲ್ಲ. "ಮೊಣಕಾಲ್ ಎತ್ರಕ್ಕೇ ಕುಯ್ಯಿರಿ! ಕೆಳಗಡೇದು ಸಪಲಮ್ಮುಂದು, ಮ್ಯಾಲ್ಗಡೇದು ಹಸೀದು!" ಎಂದು ರಾಮಕ್ಕ ದಿಬ್ಬದ ಮೇಲೆ ನಿಂತು ಕೂಗುತ್ತಿದ್ದಳು. ಅಡ್ಡಾದಿಡ್ಡಿ ಕೊಯ್ದ ಹುಡುಗನೊಬ್ಬನಿಗೆ ಆವುಲಪ್ಪ, "ಏ, ಅಮ್ಮಂದ್ ಬಿಡ್ಲಾ! ಕಣ್ ಕಾಣಾಕಿಲ್ವೇನ್ಲಾ?" ಎಂದು ಗದರಿದ.

ಕೊಯ್ದ ಜಾಗದಲ್ಲಿ ಮಂಡಿಯೂರಿದೆ. ಬೆಳಕು ಬಿದ್ದು ಎಷ್ಟು ದಿನವಾಗಿತ್ತೋ, ಎಲ್ಲ ಬಿಳಿಚಿಕೊಂಡಿವೆ. ಕೆಲವು ಕಡೆ ಬರೀ ಮಣ್ಣು. ಆದರೆ ಬೆರಳಿಂದ ಬುಡ ಸವರಿದರೆ ಹಸಿರಿದೆ. ಕರಡ ಇದೆ. ನಾಯಿಬಾಲ ಇದೆ. ಹುರುಳಿಯ ತಂಗಿ, ಹಂಬು ಎಳೆದುಕೊಂಡು, ಕೋಪಿಸಿಕೊಂಡವಳಂತೆ ಇದೆ. ಒಂಬತ್ತರವರೆಗೆ ಎಣಿಸಿದ್ದೆ, "ಟೀಚರಮ್ಮ, ಹೊರೆ ಎತ್ಸಿ!" ಎಂದು ನಾಗಲಕ್ಷ್ಮಿ ಕರೆದಳು. ಎದ್ದು ಹೋದೆ. ಒಂದಾದ ಮೇಲೊಂದು ಎಷ್ಟು ಹೊರೆ ಎತ್ತಿಸಿದೆನೋ, ಎಣಿಕೆ ಅಲ್ಲೇ ಉಳಿಯಿತು.

ಮಧ್ಯಾಹ್ನ ಮುರಳಿ ಬಂದ. ಕೊಯ್ದ ನೆಲ ನೋಡಿದ, ನಾನು ತೋರಿಸಿದ ಹುಲ್ಲುಗಳನ್ನು ಕನ್ನಡಕ ಏರಿಸಿ ಒಂದೊಂದಾಗಿ ನೋಡಿದ. "ಒಂದೇ ಕಳೆ ಅಲ್ಲ, ಒಪ್ಪಿದೆ" ಎಂದ. "ಆದರೆ ಮುಂದಿನ ವರ್ಷ ಇದೇ ದಾಂಡಿಗ ಮತ್ತೆ ಎದ್ದರೆ? ಗುಲಾಬಿಯವರಿಗೆ ಏನು ಹೇಳಲಿ?"

ಆಗ ಆ ಕಡೆ ಜಗಳ ಶುರುವಾಗಿತ್ತು. ಮುಂದಿನ ವರ್ಷ ಕೆಳಗಿನ ಮೂಲೆ, ದಪ್ಪ ಹುಲ್ಲಿನದು, ಯಾರ ಮನೆಗೆ ಎಂದು. ನಾಗಲಕ್ಷ್ಮಿ ಕೋಲು ನೆಟ್ಟು ತನ್ನ ಪಾಲು ಗುರುತು ಮಾಡಿದ್ದಳು. ಆವುಲಪ್ಪ ಅದನ್ನು ಎರಡು ಮಾರು ಈಚೆಗೆ ನೆಡುತ್ತಿದ್ದ. ಮುರಳಿಯ ಬಾಯಲ್ಲಿ ಗುಲಾಬಿ ಎಂಬ ಮಾತು ಕೇಳಿ ಎಲ್ಲರೂ ತಿರುಗಿದರು.

"ಗುಲಾಬಿನಾ?" ರಾಮಕ್ಕ ಕುಡುಗೋಲು ಸಮೇತ ಇಳಿದು ಬಂದಳು. "ಹರ್ಕೆ ಅಂದ್ರೆ ವರ್ಸಾವರ್ಸ ತೀರಿಸ್ಬೇಕು ಸಾಮಿ. ಒಂದ್ಸಲಕ್ಕೆ ನಿಲ್ಸಿದ್ರೆ ಆಯಮ್ಮ ಬಿಟ್ಟಾಳಾ?"

"ಹಸಾ ಗುಲಾಬಿ ತಿಂತದಾ?" ಎಂದಳು ನಾಗಲಕ್ಷ್ಮಿ. ಅತ್ತೆ ಸೊಸೆ ಒಂದೇ ಪಕ್ಷದಲ್ಲಿ ನಿಂತದ್ದನ್ನು ನಾನು ಮೊದಲ ಸಲ ನೋಡಿದೆ.

ಮುರಳಿ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕಿವಿಯಲ್ಲಿ ಕೇಳಿದ: "ಇದು ಯಾವಾಗ ತೀರ್ಮಾನ ಆಯ್ತು? ನೀನಾದರೂ ಹೇಳಬಾರದಾ?"

ಹೇಳಬೇಕೆಂದು ಬಾಯಿ ತೆರೆದೆ. ಸರದಿ ಸಿಗಲಿಲ್ಲ.